ಬೆಂಗಳೂರಿನ ಪಾಠ, ಲಂಡನ್ನಿನ ಶಾಲೆ

ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಮಸಿನಗುಡಿಯಲ್ಲಿ ಈಚೆಗೆ ಕಟ್ಟಿದ ಒಂದು ತಾರಸಿ ಮನೆಯೊಳಗೆ ನೀವು ಕುಳಿತಿದ್ದೀರಿ ಎಂದಿಟ್ಟುಕೊಳ್ಳೋಣ. ಮೇಲೆ ಕಾಂಕ್ರೀಟು, ಅದರ ಕೆಳಗೆ ಫ್ಯಾನು. ಫ್ಯಾನು ತಿರುಗುತ್ತದೆ ನಿಜ. ಆದರೆ ತಾರಸಿ ಬೆಳಗಿನಿಂದ ಕುಡಿದ ಬಿಸಿಲನ್ನೇ ತಂದು ನಿಮ್ಮ ತಲೆಯ ಮೇಲೆ ಸುರಿಯುತ್ತದೆ. ಈಗ ಎದ್ದು ಪಕ್ಕದ ಹಳೆಯ ಹೆಂಚಿನ ಮನೆಯ ಜಗಲಿಗೆ ಬನ್ನಿ. ಅದೇ ಊರು, ಅದೇ ಬಿಸಿಲು, ಅದೇ ಹೊತ್ತು. ಆದರೂ ಇಲ್ಲಿ ಉಸಿರಾಡಬಹುದು. ಮನೆಯ ಅಜ್ಜಿ ಇಲ್ಲಿಯೇ ಚಾಪೆ ಹಾಸಿ ಮಲಗಿರುತ್ತಾರೆ. ಹೊಸ ಮನೆ ಕಟ್ಟಿಸಿದ ಮಗ ಎಷ್ಟು ಕರೆದರೂ ಒಳಗೆ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮೂರಿನಿಂದ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿ ಉದಕಮಂಡಲಕ್ಕೆ ಹೋದರೆ ಅದೇ ಏಪ್ರಿಲ್ ತಿಂಗಳ ಸಂಜೆ ಸ್ವೆಟರು ಬೇಕು. ಆ ದಾರಿ ಬಿಟ್ಟು ತೆಪ್ಪಕಾಡಿನ ಮೇಲೆ ಗೂಡಲೂರಿಗೆ ಹೋದರೆ, ಜುಲೈಯಲ್ಲಿ ಕೊಡೆ ಮಡಿಸುವ ಹಾಗಿಲ್ಲ. ಗೂಡಲೂರಿಗೂ ನಮಗೂ ಎತ್ತರದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ದೂರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಆದರೆ ಮುಂಗಾರಿನ ಮೋಡ ಅಲ್ಲಿ ಸುರಿದು ಹಗುರಾಗಿ, ಇಲ್ಲಿಗೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತದೆ. ನಾವಿರುವುದು ಬೆಟ್ಟದ ಮಳೆ ನೆರಳಿನಲ್ಲಿ. ಹೀಗೆ ಒಂದೇ ಜಿಲ್ಲೆಯೊಳಗೆ ಮೂರು ಹವೆ. ಹೊಸ ಮನೆಗಳೋ, ಮೂರು ಕಡೆಯಲ್ಲಿಯೂ ಒಂದೇ ಅಚ್ಚು: ನಾಲ್ಕು ಗೋಡೆ, ಚಪ್ಪಟೆ ತಾರಸಿ, ಕಿಟಕಿಯ ಮೇಲೆ ಅಂಗೈಯಗಲದ ಛಜ್ಜ. ಬಣ್ಣ ಮಾತ್ರ ಬೇರೆ.

ಈ ಅಚ್ಚನ್ನು ಯಾರು ಕೊರೆದರು? ಮನೆಯ ನಕ್ಷೆ ಬರೆಯುವವರು ಎಲ್ಲಿ ಕಲಿಯುತ್ತಾರೆ, ಅವರಿಗೆ ಏನು ಕಲಿಸುತ್ತಾರೆ? ಇಂದಿನ ಮಾತು ಅದನ್ನು ಕುರಿತದ್ದು. ವಾಸ್ತುಶಿಲ್ಪ ವಿಭಾಗವೊಂದರ ಚರಿತ್ರೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. 'ವಾಸ್ತು' ಎಂದ ಕೂಡಲೇ ಈಶಾನ್ಯ ಮೂಲೆ, ಬಾಗಿಲಿನ ದಿಕ್ಕು, ಒಡೆದು ಕಟ್ಟುವ ಖರ್ಚು ನಿಮ್ಮ ನೆನಪಿಗೆ ಬಂದಿದ್ದರೆ ಅದು ನಿಮ್ಮ ತಪ್ಪಲ್ಲ. ಇದು ಆ ವಾಸ್ತು ಅಲ್ಲ. ತಮಿಳಿನಲ್ಲಿ ಇದನ್ನು 'ಕಟ್ಟಡಕ್ಕಲೈ' ಎನ್ನುತ್ತಾರೆ, ಕಟ್ಟಡದ ಕಲೆ. ಎರಡು ಭಾಷೆ ಬಲ್ಲ ನಮಗೆ ಈ ವಿಷಯದಲ್ಲಿ ತಮಿಳಿನ ಮಾತೇ ನೇರವೆನಿಸುತ್ತದೆ.

ನಾನು ಹೇಳಹೊರಟಿರುವ ವಿಭಾಗ ಇರುವುದು ಲಂಡನ್ನಿನಲ್ಲಿ. ಮಸಿನಗುಡಿಯವರಿಗೆ ಲಂಡನ್ನಿನ ಗೊಡವೆ ಏಕೆ ಎಂದು ಕೇಳಬೇಡಿ. ಅದನ್ನು ಬಹುಕಾಲ ನಡೆಸಿದವರು ತಮ್ಮ ಪಾಠವನ್ನು ಕಲಿತದ್ದು ಬೆಂಗಳೂರಿನಲ್ಲಿ. ಬೆಂಗಳೂರಿನ ಎತ್ತರವೂ ನಮ್ಮ ಊರಿನ ಎತ್ತರವೂ ಹೆಚ್ಚುಕಡಿಮೆ ಒಂದೇ ಎಂಬುದು ನಿಮಗೆ ಗೊತ್ತಿತ್ತೇ?

ಮೊದಲು ಹಳೆಯ ಕಾಲದ್ದನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಇಂಗ್ಲಿಷರು ನೀಲಗಿರಿಗೆ ಬಂದಾಗ ಕಟ್ಟಡ ಕಟ್ಟಿದವರು ಹೆಚ್ಚಾಗಿ ಸೈನ್ಯದ ಅಧಿಕಾರಿಗಳೇ. ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚನ್ನು ನೀವು ನೋಡಿರಬಹುದು. 1829-30ರಲ್ಲಿ ಕ್ಯಾಪ್ಟನ್ ಅಂಡರ್‌ವುಡ್ ಎಂಬ ಸೇನಾಧಿಕಾರಿ ಕಟ್ಟಿಸಿದ್ದು. ಅದರ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಲಾಲ್ ಮಹಲ್ ಅರಮನೆಯವು. ಆನೆಗಳಿಂದ ಎಳೆಸಿ ಬೆಟ್ಟಕ್ಕೆ ತಂದರೆಂದು ಹೇಳುತ್ತಾರೆ. ಆಕಾರ ಇಂಗ್ಲೆಂಡಿನದು, ಮರ ಮೈಸೂರಿನದು. ಊಟಿಯ ಚಳಿಗೆ ಇಂಗ್ಲೆಂಡಿನ ಬೆಂಕಿಗೂಡು, ಕಲ್ಲಿನ ಗೋಡೆ ಸರಿಹೋದವು. ಹಾಗಾಗಿ ತಪ್ಪು ಗೊತ್ತಾಗಲಿಲ್ಲ. ಅದೇ ಆಕಾರವನ್ನು ಬಯಲಿಗೆ ಇಳಿಸಿದಾಗ ಗೊತ್ತಾಯಿತು. ಪಂಖಾ ಎಳೆಯುವ ಆಳು, ಲಾವಂಚದ ತಟ್ಟಿಗೆ ನೀರು ಹಾಕುವ ಆಳು ಹೀಗೆ ಆಳುಗಳ ಬೆವರಿನಿಂದ ದೊರೆಗಳ ಮನೆ ತಂಪಾಗಬೇಕಾಯಿತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ತರಗತಿ ಎಂದು ಶುರುವಾದದ್ದು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ, 1896ರಲ್ಲಿ. ಅದು ನಕ್ಷೆಗಾರರ ತರಗತಿ. ಅಂದರೆ ಯೋಚಿಸುವವನು ಬೇರೆ, ಅವನು ಯೋಚಿಸಿದ್ದನ್ನು ಗೆರೆಯಲ್ಲಿ ಎಳೆದು ಕೊಡುವ ನಮ್ಮವನು ಬೇರೆ. ಆ ತರಗತಿ ಬೆಳೆದು 1913ರಲ್ಲಿ ಪೂರ್ಣ ವಿಭಾಗವಾಯಿತು.

ಈಗ ನಮ್ಮ ಕಥೆಯ ಮನುಷ್ಯನಿಗೆ ಬರೋಣ. ಹೆಸರು ಒಟ್ಟೋ ಕೋನಿಗ್ಸ್‌ಬರ್ಗರ್. ಹುಟ್ಟಿದ್ದು 1908ರಲ್ಲಿ ಬರ್ಲಿನ್ನಿನಲ್ಲಿ. ಅಲ್ಲಿಯೇ ವಾಸ್ತುಶಿಲ್ಪ ಓದಿ 1933ರಲ್ಲಿ ಶಿಂಕೆಲ್ ಬಹುಮಾನ ಪಡೆದರು. ಯುವ ವಾಸ್ತುಶಿಲ್ಪಿಗಳಿಗೆ ಅದು ದೊಡ್ಡ ಗೌರವ. ಅದೇ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಕೋನಿಗ್ಸ್‌ಬರ್ಗರ್ ಯಹೂದಿ ಮನೆತನದವರು. ಬಹುಮಾನ ಬಂದ ವರ್ಷವೇ ಕೆಲಸ ಹೋಯಿತು. ಅವರು ದೇಶ ಬಿಟ್ಟು ಈಜಿಪ್ಟಿಗೆ ಹೋಗಿ, ಅಲ್ಲಿ ಲುಡ್ವಿಗ್ ಬೋರ್ಖಾರ್ಟ್ ಎಂಬ ಪುರಾತತ್ವಜ್ಞರ ಬಳಿ ಹಳೆಯ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. ಅವರ ತಾಯಿಯ ಅಣ್ಣ ಮ್ಯಾಕ್ಸ್ ಬಾರ್ನ್, ಹೆಸರಾಂತ ಭೌತವಿಜ್ಞಾನಿ. ಸಿ.ವಿ. ರಾಮನ್ ಅವರ ಕರೆಯ ಮೇಲೆ 1935-36ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಇದ್ದು ಹೋದವರು. ಸೋದರಮಾವನ ಹಿಂದೆಯೇ ಸೋದರಳಿಯನೂ ನಮ್ಮ ಸೀಮೆಗೆ ಬಂದ ಹಾಗಾಯಿತು. 1939ರಲ್ಲಿ ಮೈಸೂರು ಸಂಸ್ಥಾನ ಅವರನ್ನು ತನ್ನ ಸರ್ಕಾರಿ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರಿಗೆ ಊರು ಅಂದವಾಗಿರಬೇಕು. ಗುಮ್ಮಟ, ಕಮಾನು, ಕಾರಂಜಿ, ಹೂದೋಟ ಅವರಿಗೆ ಪ್ರಿಯ. ಈ ಜರ್ಮನ್ ಯುವಕನಿಗಾದರೋ ಅಲಂಕಾರವೆಂದರೆ ಅಷ್ಟಕ್ಕಷ್ಟೇ. ಕಟ್ಟಡ ತನ್ನ ಕೆಲಸ ಮಾಡಬೇಕು, ಉಳಿದದ್ದು ಆಮೇಲೆ ಎನ್ನುವ ಹೊಸ ಪಂಥದವರು ಅವರು. ಇಬ್ಬರ ಅಭಿರುಚಿ ಕೂಡಿ ಬರುವಂಥದ್ದಲ್ಲ. 1941ರಲ್ಲಿ ಮಿರ್ಜಾ ದಿವಾನಗಿರಿ ಬಿಟ್ಟರು. ಕೋನಿಗ್ಸ್‌ಬರ್ಗರ್ 1948ರವರೆಗೂ ಮೈಸೂರಿನಲ್ಲಿಯೇ ಇದ್ದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ವಿಜ್ಞಾನ ಮಂದಿರದ ವಿಮಾನಶಾಸ್ತ್ರ ವಿಭಾಗ, ಲೋಹಶಾಸ್ತ್ರ ವಿಭಾಗ, ಭೋಜನಶಾಲೆ, ಇವೆಲ್ಲ ಅವರ ಕೈಯಿಂದ ಬಂದವು.

ನನ್ನ ಮಟ್ಟಿಗೆ ಹೇಳುವುದಾದರೆ, ಅವರು ಕಟ್ಟಿದ್ದಕ್ಕಿಂತ ಕಲಿತದ್ದು ದೊಡ್ಡದು. ಬರ್ಲಿನ್ನಿನಲ್ಲಿ ಸೂರ್ಯ ನೆಂಟ. ಅವನನ್ನು ಒಳಗೆ ಕರೆಯಲೆಂದೇ ಅಲ್ಲಿನ ಹೊಸ ಪಂಥದವರು ಗೋಡೆಗೋಡೆಯೇ ಗಾಜು ಮಾಡಿದರು. ಬೆಂಗಳೂರಿನಲ್ಲಿ ಅದೇ ಸೂರ್ಯ ಬಾಗಿಲಲ್ಲೇ ನಿಲ್ಲಿಸಬೇಕಾದ ಸಾಲಗಾರ. ಹಾಗಾಗಿ ಕಟ್ಟಡ ಅಗಲ ಕಡಿಮೆ ಇರಬೇಕು, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಗೆ ಹಾದುಹೋಗಬೇಕು. ಕಿಟಕಿಯ ಮೇಲೆ ಉದ್ದನೆಯ ಛಜ್ಜ ಬೇಕು. ಬಿಸಿಗಾಳಿ ಮೇಲಕ್ಕೇರುವುದರಿಂದ ಮಾಡಿನ ಹತ್ತಿರ ಅದಕ್ಕೆ ಹೊರದಾರಿ ಬೇಕು. ಇದರಲ್ಲಿ ಹೊಸತೇನಿದೆ, ನಮ್ಮ ಹಳೆಯ ಮನೆಯ ಜಗಲಿ, ಗಾಳಿಕಿಂಡಿ, ತೊಟ್ಟಿ ಇದೇ ಅಲ್ಲವೇ ಎಂದು ನೀವು ಕೇಳಬಹುದು. ಇದೇ. ಆದರೆ ಶಾಲೆಯಲ್ಲಿ ಕಲಿತವನು ಅದನ್ನು ನೋಡಿ, ಇದು ಮೌಢ್ಯವಲ್ಲ, ಲೆಕ್ಕ ಎಂದು ಒಪ್ಪಿಕೊಂಡದ್ದು ಹೊಸತು.

ಲೆಕ್ಕ ಎಂದೆ, ಒಂದು ಉದಾಹರಣೆ ಕೊಡುತ್ತೇನೆ. ನಮ್ಮೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಇರುತ್ತಾನೆ. ಆಗ ಬಿಸಿಲು ಬೀಳುವುದು ಗೋಡೆಗಲ್ಲ, ಮಾಡಿಗೆ. ಉತ್ತರ ದಕ್ಷಿಣದ ಗೋಡೆಗಳನ್ನು ಒಂದು ಛಜ್ಜ ಕಾಪಾಡಬಲ್ಲದು. ಪೂರ್ವ ಪಶ್ಚಿಮದ ಗೋಡೆಗಳನ್ನು ಯಾವ ಛಜ್ಜವೂ ಕಾಪಾಡಲಾರದು, ಏಕೆಂದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ಓರೆಯಾಗಿ ಕೆಳಗಿನಿಂದಲೇ ಬರುತ್ತದೆ. ಆದ್ದರಿಂದ ಮನೆಯ ಉದ್ದ ಗೋಡೆ ಉತ್ತರಕ್ಕೂ ದಕ್ಷಿಣಕ್ಕೂ ಇರಲಿ, ಕಿರುಗೋಡೆ ಪೂರ್ವ ಪಶ್ಚಿಮಕ್ಕೆ ಇರಲಿ. ಇನ್ನು ಮಾಡು. ನಾಲ್ಕೈದು ಅಂಗುಲದ ಕಾಂಕ್ರೀಟು ಹಗಲೆಲ್ಲ ಬಿಸಿ ಕುಡಿದು, ನೀವು ದಣಿದು ಮನೆಗೆ ಬರುವ ಸಂಜೆಯ ಹೊತ್ತಿಗೆ ಅದನ್ನು ಕಕ್ಕತೊಡಗುತ್ತದೆ. ಹೆಂಚು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ, ಸಂದಿಗಳಲ್ಲಿ ಬಿಸಿಗಾಳಿ ಹೊರಬೀಳುತ್ತದೆ. ಅಂದ ಹಾಗೆ, ನಮ್ಮ 'ಮಂಗಳೂರು ಹೆಂಚು' ಕೂಡ ಜರ್ಮನ್ನರ ಕೈವಾಡವೇ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ತಮಿಳಿನಲ್ಲಿ 'ಓಡು' ಎಂದು ನಾವು ಕೊಂಡು ತರುವುದೂ ಅದನ್ನೇ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಕೋನಿಗ್ಸ್‌ಬರ್ಗರ್ ದೆಹಲಿಗೆ ಹೋದರು, ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ. ದೇಶ ವಿಭಜನೆಯಾಗಿ ಲಕ್ಷಾಂತರ ಜನ ನಿರಾಶ್ರಿತರು ಮನೆಯಿಲ್ಲದೆ ಗುಡಾರಗಳಲ್ಲಿದ್ದ ಕಾಲ ಅದು. ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಅವರದು. ಫರೀದಾಬಾದ್ ಮುಂತಾದ ಹೊಸ ಊರುಗಳಿಗೂ ಅವರು ದುಡಿದರು. ಆದರೆ ಅವರ ಹೆಸರಿಗೆ ಒಂದು ಸೋಲೂ ಅಂಟಿಕೊಂಡಿತು. ಗೋಡೆಯ ಹಲಗೆಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ತಂದು ಜೋಡಿಸಿ ಬೇಗ ಬೇಗ ಮನೆ ಎಬ್ಬಿಸುವ ಯೋಜನೆ ಅದು. ದೆಹಲಿಯಲ್ಲಿ ಸರ್ಕಾರವೇ ಕಾರ್ಖಾನೆ ಹಾಕಿತು. ನೆಹರೂ ಅವರಿಗೂ ಅದರ ಮೇಲೆ ಭರವಸೆ ಇತ್ತು. ಹಲಗೆಗಳು ಬಿರುಕು ಬಿಟ್ಟವು. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು, ಕಾರ್ಖಾನೆ ನಿಂತಿತು. 1951ರಲ್ಲಿ ಅವರು ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೋದರು. ಅವರ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳಲು ಈ ಸೋಲನ್ನು ಮರೆಯಬಾರದು. ಮನೆ ಎಂಬುದು ಕಾರ್ಖಾನೆಯಿಂದ ಹೊರಬರುವ ಸಾಮಾನಲ್ಲ ಎಂದು ಅವರು ಮುಂದೆ ಹೇಳಿದ್ದು ಪುಸ್ತಕ ಓದಿ ಅಲ್ಲ.

ಈಗ ಲಂಡನ್ನು. 1953ರ ಮಾರ್ಚಿಯಲ್ಲಿ ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕುರಿತು ಒಂದು ಸಮ್ಮೇಳನ ನಡೆಯಿತು. ಅದಕ್ಕೆ ಪ್ರೇರಣೆಯಾದವರಲ್ಲಿ ಒಬ್ಬರು ನೈಜೀರಿಯಾದ ವಿದ್ಯಾರ್ಥಿ, ಅಡೆಡೊಕುನ್ ಅಡೆಯೆಮಿ. ಮ್ಯಾಂಚೆಸ್ಟರಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದವರು. ಅವರ ದೂರು ಸರಳವಾದದ್ದು. ಬಿಸಿಲು ಮಳೆಯ ದೇಶಗಳಿಂದ ನಾವು ಇಲ್ಲಿಗೆ ಬಂದು ವರ್ಷಗಟ್ಟಲೆ ಓದುತ್ತೇವೆ. ನೀವು ಕಲಿಸುವುದು ಹಿಮ ಬೀಳುವ ಊರಿನ ಮನೆ ಕಟ್ಟುವುದನ್ನು. ಊರಿಗೆ ಹೋಗಿ ಅದರಿಂದ ಏನು ಮಾಡೋಣ?

ಕೇಳುಗರೇ, ಗಡಿಯೂರಿನಲ್ಲಿ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಒಂದು ನುಡಿ. ಪಾಠದಲ್ಲಿ ಬರುವ ಹೂವು, ಹಣ್ಣು, ಋತು ಯಾವುದೂ ಕಿಟಕಿಯ ಹೊರಗೆ ಕಾಣಿಸುವುದಲ್ಲ. ನಾನು ಚಿಕ್ಕಂದಿನಲ್ಲಿ ಓದಿದ ಶಾಲೆಗೆ ತಗಡಿನ ಮಾಡು. ಮಳೆ ಜೋರಾದರೆ ಮೇಷ್ಟರು ಪಾಠ ನಿಲ್ಲಿಸಿ ಸುಮ್ಮನೆ ಕುಳಿತುಬಿಡುತ್ತಿದ್ದರು, ಏಕೆಂದರೆ ಕೂಗಿದರೂ ಕೇಳಿಸುತ್ತಿರಲಿಲ್ಲ. ಮಕ್ಕಳಿಗೆ ಅದು ಖುಷಿಯೇ. ಆ ಮಾಡು ಯಾವ ಊರಿಗೆ, ಯಾವ ಕೆಲಸಕ್ಕೆ ಎಂದು ಯಾರೋ ಒಬ್ಬರು ಕೇಳಿಕೊಂಡಿದ್ದರೆ ನಾವು ಇನ್ನಷ್ಟು ಗಣಿತ ಕಲಿಯುತ್ತಿದ್ದೆವೋ ಏನೋ.

ಸಮ್ಮೇಳನದ ಫಲವಾಗಿ 1954ರಲ್ಲಿ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ಹಳೆಯ ಶಾಲೆಯಲ್ಲಿ ಉಷ್ಣವಲಯ ವಾಸ್ತುಶಿಲ್ಪ ವಿಭಾಗ ತೆರೆಯಿತು. ಆರು ತಿಂಗಳ ತರಗತಿ. ಮೊದಲ ಮುಖ್ಯಸ್ಥರು ಮ್ಯಾಕ್ಸ್‌ವೆಲ್ ಫ್ರೈ, ಆಗಷ್ಟೇ ನಮ್ಮ ಚಂಡೀಗಢದಲ್ಲಿ ದುಡಿದು ಹೋದವರು. 1957ರಲ್ಲಿ ಕೋನಿಗ್ಸ್‌ಬರ್ಗರ್ ಮುಖ್ಯಸ್ಥರಾದರು. ಆಮೇಲೆ ವಿಭಾಗವೆಂದರೆ ಅವರು, ಅವರೆಂದರೆ ವಿಭಾಗ. ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳಿಂದ ಓದಲು ಬಂದರು. ಢಾಕಾದ ಮುಝರುಲ್ ಇಸ್ಲಾಂ 1956ರ ಸುಮಾರಿಗೆ ಅಲ್ಲಿ ಓದಿದವರು. ಮುಂದೆ ಬಂಗಾಳಿಗಳ ನಾಡಿಗೆ ಆಧುನಿಕ ವಾಸ್ತುಶಿಲ್ಪದ ಗುರುವಾದರು.

ಅಲ್ಲಿ ಕಲಿಸುತ್ತಿದ್ದುದು ಏನು? ಸುಂದರವಾದ ಮನೆಯ ಚಿತ್ರ ತೋರಿಸಿ ಹೀಗೆ ಕಟ್ಟಿ ಎನ್ನುವುದಲ್ಲ. ಊರಿನ ಹವೆಯನ್ನು ಮೊದಲು ಕಾಗದದ ಮೇಲೆ ಬರೆಯಿರಿ ಎನ್ನುವುದು. ಆ ವಿಭಾಗದ ಕಾರ್ಲ್ ಮಹೋನಿ ಎಂಬವರು ಇದಕ್ಕಾಗಿ ಕೆಲವು ಕೋಷ್ಟಕಗಳನ್ನು ರೂಪಿಸಿದರು. ವಿಶ್ವಸಂಸ್ಥೆ ಅವನ್ನು 1971ರಲ್ಲಿ ಪ್ರಕಟಿಸಿತು. ಉದ್ದಕ್ಕೆ ಹನ್ನೆರಡು ಮನೆ, ಜನವರಿಯಿಂದ ಡಿಸೆಂಬರಿನವರೆಗೆ. ಪ್ರತಿ ತಿಂಗಳಿಗೂ ಅತಿ ಹೆಚ್ಚಿನ ಉಷ್ಣತೆ, ಅತಿ ಕಡಿಮೆಯ ಉಷ್ಣತೆ, ಗಾಳಿಯ ತೇವ, ಮಳೆ, ಗಾಳಿ ಬೀಸುವ ದಿಕ್ಕು. ಆಮೇಲೆ ಎಷ್ಟು ತಿಂಗಳು ಗಾಳಿಯಾಡುವುದು ಅಗತ್ಯ, ಎಷ್ಟು ತಿಂಗಳು ದಪ್ಪ ಗೋಡೆ ಅಗತ್ಯ, ಎಷ್ಟು ತಿಂಗಳು ಮಳೆಯಿಂದ ರಕ್ಷಣೆ ಬೇಕು, ಚಳಿಯ ಕಾಟ ಎಷ್ಟು ಎಂದು ಎಣಿಸುವುದು. ಎಣಿಕೆ ಮುಗಿದರೆ ಕೋಷ್ಟಕವೇ ಹೇಳುತ್ತದೆ: ಮನೆಗಳು ಒತ್ತೊತ್ತಾಗಿರಲಿ ಅಥವಾ ದೂರದೂರ ಇರಲಿ, ಕಿಟಕಿ ಗೋಡೆಯ ಎಷ್ಟು ಭಾಗ ಇರಲಿ, ಗೋಡೆ ಹಗುರವೋ ಭಾರವೋ, ಮಾಡು ಎಂಥದು. ಕಾಲೇಜು ಮೆಟ್ಟಿಲು ಹತ್ತದ ಮೇಸ್ತ್ರಿಯೂ ಕೂಡು ಕಳೆ ಬಲ್ಲವನಾದರೆ ಮಾಡಬಹುದಾದ ಕೆಲಸ.

ಇದನ್ನು ನಮ್ಮ ಜಿಲ್ಲೆಗೆ ಹಚ್ಚಿ ನೋಡಿ. ಗೂಡಲೂರಿನ ಮನೆಗೆ ಮಳೆಯ ಕಲಂ ತುಂಬಿ ಹೋಗುತ್ತದೆ. ಕಡಿದಾದ ಇಳಿಜಾರು ಮಾಡು, ಅಗಲವಾದ ಸೂರು, ಗಾಳಿಯಾಡುವ ಗೋಡೆ ಬೇಕೆನ್ನುತ್ತದೆ. ಉದಕಮಂಡಲಕ್ಕೆ ಚಳಿಯ ಕಲಂ. ಅಲ್ಲಿನ ತೋಡರ ಹಳೆಯ ಗುಡಿಸಲನ್ನು ನೆನೆದುಕೊಳ್ಳಿ. ಪೀಪಾಯಿಯನ್ನು ಅರ್ಧಕ್ಕೆ ಸೀಳಿ ಕವುಚಿದ ಹಾಗೆ ಬಿದಿರು ಬೆತ್ತ ಬಗ್ಗಿಸಿ ಹುಲ್ಲು ಹೊದಿಸಿದ್ದು, ತೆವಳಿ ನುಗ್ಗಬೇಕಾದಷ್ಟು ಪುಟ್ಟ ಬಾಗಿಲು. ಗಾಳಿಗೆ ಹಿಡಿತ ಸಿಗುವುದಿಲ್ಲ, ಒಳಗಿನ ಬೆಚ್ಚಗೆ ಹೊರಗೆ ಹೋಗುವುದಿಲ್ಲ. ಕೋಷ್ಟಕ ಇದಕ್ಕಿಂತ ಒಳ್ಳೆಯ ಉತ್ತರ ಕೊಡಲಾರದು. ನಮ್ಮ ಸೀಗೂರು ಬಯಲಿಗೋ, ನೆರಳು ಮತ್ತು ಗಾಳಿ ಎರಡೂ ಬೇಕು, ಜೊತೆಗೆ ಡಿಸೆಂಬರ್ ಜನವರಿಯ ಇರುಳಿಗೆ ಒಂದಿಷ್ಟು ದಪ್ಪ ಗೋಡೆ. ಬಿದಿರು ಹೆಣೆದು ಮಣ್ಣು ಮೆತ್ತಿದ ಗೋಡೆಯೂ, ತಗ್ಗಿ ಬಂದ ಸೂರೂ ಇರುವ ಕಾಡಂಚಿನ ಮನೆಗಳನ್ನು ನೋಡಿ ಬೆಳೆದ ನಿಮಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ರೆಸಾರ್ಟುಗಳ ಮತ್ತು ಆನೆದಾರಿಯ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಇಷ್ಟು ಹೊತ್ತು ಸಾಲದು.

ಆದರೆ ಹವೆಯ ಲೆಕ್ಕ ಒಂದರಿಂದಲೇ ಮನೆ ಏಳುವುದಿಲ್ಲ ಎಂಬುದು ಕೋನಿಗ್ಸ್‌ಬರ್ಗರ್ ಅವರಿಗೆ ಗೊತ್ತಿತ್ತು. ದೆಹಲಿಯ ಕಹಿ ಇನ್ನೂ ಬಾಯಲ್ಲಿತ್ತು. 1950ರ ದಶಕದ ನಡುವಿನಲ್ಲಿ ವಿಶ್ವಸಂಸ್ಥೆ ಅವರನ್ನೂ ಚಾರ್ಲ್ಸ್ ಏಬ್ರಮ್ಸ್ ಮತ್ತು ವ್ಲಾದಿಮಿರ್ ಬೋದಿಯಾನ್ಸ್ಕಿ ಎಂಬ ಇನ್ನಿಬ್ಬರನ್ನೂ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾಕ್ಕೆ ಕಳುಹಿಸಿತು. ಬಡವರಿಗೆ ಮನೆ ಹೇಗೆ ಎಂಬುದು ಪ್ರಶ್ನೆ. ಅವರು ಹಳ್ಳಿಗಳಲ್ಲಿ ಕಂಡದ್ದು ಇದು. ಗೋಡೆಗೆ ಮಣ್ಣಿದೆ, ಕಟ್ಟುವುದಕ್ಕೆ ಮನೆಯವರ ಕೈಗಳಿವೆ. ಗೋಡೆ ಎದ್ದು ನಿಂತು ವರ್ಷಗಟ್ಟಲೆ ಹಾಗೆಯೇ ಮಳೆಗೆ ಕರಗುತ್ತದೆ, ಏಕೆಂದರೆ ಮಾಡಿಗೆ ದುಡ್ಡಿಲ್ಲ. ಹಾಗಾದರೆ ಸರ್ಕಾರ ಮನೆ ಕಟ್ಟಿಕೊಡುವುದು ಬೇಡ, ಮಾಡಿಗೆ ಸಾಲ ಕೊಡಲಿ ಎಂದರು. ಗೋಡೆ ಎಬ್ಬಿಸಿ ತೋರಿಸಿದವನಿಗೆ ಮಾಡು, ಬಾಗಿಲು, ಕಿಟಕಿಯ ಮಟ್ಟಿಗೆ ಸಾಲ. ಊರಿನವರದೇ ಒಂದು ಸಂಘ, ಕಟ್ಟಿದ ಕಂತು ತಿರುಗಿ ಇನ್ನೊಬ್ಬನ ಮಾಡಿಗೆ. ಮಾಡುಸಾಲ ಯೋಜನೆ ಎಂದು ಇದಕ್ಕೆ ಹೆಸರಾಯಿತು. ಅರ್ಧಕ್ಕೆ ನಿಂತ ಗೋಡೆ, ಮೇಲೆ ಹೊದಿಸಿದ ನೀಲಿ ಟಾರ್ಪಾಲು, ಇದನ್ನು ನಾವು ಕಾಣದ ಊರಿದೆಯೇ?

ಹೀಗೆ ವಿಭಾಗದ ಗುರಿಯೇ ಮೆಲ್ಲಗೆ ಬದಲಾಯಿತು. ಮೊದಲು ಮಾಡಿನ ಕೋನ, ಕಿಟಕಿಯ ಅಳತೆ. ಬರಬರುತ್ತ ನಿವೇಶನ ಯಾರದು, ಸಾಲ ಯಾರಿಗೆ, ನೀರು ಎಲ್ಲಿಂದ, ಊರು ಬೆಳೆಯುವ ವೇಗಕ್ಕೆ ನಕ್ಷೆ ಬರೆಯುವವನು ಹೇಗೆ ಸಮನಾಗಬೇಕು ಎಂಬ ಪ್ರಶ್ನೆಗಳು ಬಂದವು. ಇಪ್ಪತ್ತು ವರ್ಷದ ಮಾಸ್ಟರ್ ಪ್ಲಾನು ಬರೆದು ಮುಗಿಸುವಷ್ಟರಲ್ಲಿ ಊರು ಅದನ್ನು ದಾಟಿ ಹೋಗಿರುತ್ತದೆ, ಆದ್ದರಿಂದ ಕೈಗೆ ಹತ್ತುವ ಕೆಲಸದಿಂದ ಶುರುಮಾಡಿ ತಿದ್ದುತ್ತ ಹೋಗಿ ಎಂದು ಕೋನಿಗ್ಸ್‌ಬರ್ಗರ್ 1964ರಲ್ಲಿ ವಾದಿಸಿದರು. 1963ರಲ್ಲಿ ಏಬ್ರಮ್ಸ್ ಮತ್ತು ಸುಸುಮು ಕೋಬೆ ಅವರೊಡನೆ ಸಿಂಗಪುರಕ್ಕೆ ಹೋಗಿ ಬಂದದ್ದು ಇದಕ್ಕೆ ಹಿನ್ನೆಲೆ. ಘಾನಾದ ಕುಮಾಸಿ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುವುದಕ್ಕೂ ಇದೇ ವಿಭಾಗ ನೆರವಾಯಿತು. ಲಂಡನ್ನಿನಿಂದ ಜಾನ್ ಲಾಯ್ಡ್ ಎಂಬವರು ಹೋಗಿ ಅಲ್ಲಿನ ಹೊಣೆ ಹೊತ್ತರು. ವಿದ್ಯಾರ್ಥಿ ಲಂಡನ್ನಿಗೆ ಬರುವುದಕ್ಕಿಂತ ಶಾಲೆಯೇ ವಿದ್ಯಾರ್ಥಿಯ ಊರಿಗೆ ಹೋಗಲಿ ಎಂಬ ತಿಳಿವಳಿಕೆ ಅದು. ಕೊನೆಗೆ 1971ರಲ್ಲಿ ವಿಭಾಗ ಹಳೆಯ ಮನೆ ಬಿಟ್ಟು ಲಂಡನ್ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಅಡೆಯೆಮಿಯವರ ದೂರು ಕೇಳಿಸಿದ ಆ ಸಮ್ಮೇಳನ ನಡೆದದ್ದೂ ಅದೇ ಕಾಲೇಜಿನಲ್ಲಿ. ಹೆಸರು 'ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್' ಎಂದಾಯಿತು. ಹೆಸರಿನಲ್ಲಿ ವಾಸ್ತುಶಿಲ್ಪವೂ ಇಲ್ಲ, ಉಷ್ಣವಲಯವೂ ಇಲ್ಲ ಎಂಬುದನ್ನು ಗಮನಿಸಿ. ಇಂದಿಗೂ ಅದು ನಡೆಯುತ್ತಿದೆ.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿ ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗಾದೀತು. 'ಉಷ್ಣವಲಯ' ಎಂಬ ಒಂದೇ ಚೀಲದಲ್ಲಿ ಲಾಗೋಸ್, ಢಾಕಾ, ಬೆಂಗಳೂರು ಎಲ್ಲವನ್ನೂ ಹಾಕಿದ್ದು ನಕ್ಷೆಯನ್ನು ಲಂಡನ್ನಿನಿಂದ ನೋಡಿದವರ ಕಣ್ಣು. ಗೂಡಲೂರು ಮಸಿನಗುಡಿಗಳ ನಡುವೆಯೇ ಇಷ್ಟು ಅಂತರವಿರುವಾಗ ಅರ್ಧ ಭೂಮಿಗೆ ಒಂದೇ ಹೆಸರು ಸಾಲುವುದೇ? ಇನ್ನೂ ಒಂದು. ಸಾಮ್ರಾಜ್ಯ ಮುಗಿದ ಮೇಲೆಯೂ ಹೊಸ ದೇಶದ ಹುಡುಗರು ತಮ್ಮ ಊರಿನ ಬಿಸಿಲಿನ ಬಗ್ಗೆ ಕಲಿಯಲು ಲಂಡನ್ನಿಗೇ ಹೋಗಬೇಕಾಯಿತು. ಈ ಬಿಸಿಲಿನ ಪಾಠವನ್ನು ಬೆಂಗಳೂರಿನ ಮೇಸ್ತ್ರಿಗಳು, ಕಲ್ಲುಕುಟಿಗರು, ಕಾಮಾಟಿಯವರೂ ಸೇರಿ ಕೋನಿಗ್ಸ್‌ಬರ್ಗರ್ ಅವರಿಗೆ ಕಲಿಸಿದ್ದರು. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಬರಲಿಲ್ಲ.

ನಮ್ಮ ಕಡೆ ಏನಾಯಿತು? 1957ರಲ್ಲಿ, ಅಲ್ಲಿ ಕೋನಿಗ್ಸ್‌ಬರ್ಗರ್ ಮುಖ್ಯಸ್ಥರಾದ ವರ್ಷವೇ, ಮದ್ರಾಸು ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ವಿಭಾಗ ತೆರೆಯಿತು. 1978ರಲ್ಲಿ ಅಣ್ಣಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದು ಅಲ್ಲಿಗೆ ಸೇರಿತು. ನಮ್ಮ ಮಕ್ಕಳಲ್ಲಿ ಯಾರಾದರೂ ಈ ವಿದ್ಯೆ ಓದುವುದಾದರೆ ಐದು ವರ್ಷದ ತರಗತಿ. 1972ರ ಕಾಯಿದೆಯಂತೆ ನೋಂದಾಯಿಸಿಕೊಂಡವರು ಮಾತ್ರ ವಾಸ್ತುಶಿಲ್ಪಿ ಎಂದು ಹೆಸರಿನೊಡನೆ ಬರೆದುಕೊಳ್ಳಬಹುದು. ನಮ್ಮ ಹಳ್ಳಿಯ ಮನೆಗಳಲ್ಲಿ ಎಷ್ಟಕ್ಕೆ ಅಂಥವರ ಕೈ ತಾಗಿದೆ ಎಂದು ಕೇಳಿದರೆ ಮಾತ್ರ ಬೆರಳು ಮಡಿಸುವ ಅಗತ್ಯವಿಲ್ಲ.

ಬೆಂಗಳೂರಿನ ಸುದ್ದಿ ಇನ್ನೂ ಹತ್ತಿರದ್ದು. ಕೋನಿಗ್ಸ್‌ಬರ್ಗರ್ ಕಟ್ಟಡ ಕಟ್ಟಿದ ಅದೇ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು, ಹಳ್ಳಿಗೆ ಬೇಕಾದ ವಿಜ್ಞಾನವನ್ನು ಮಾಡಲಿಕ್ಕಾಗಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅದರ ಕಾರ್ಯಕ್ಷೇತ್ರ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಗೋಡೆಯನ್ನು ಕೈಬಿಡದೆ ಗಟ್ಟಿಮಾಡುವ ಬಗೆ ಹುಡುಕಿದರು. ಆ ನೆಲದ ಮಣ್ಣಿಗೇ ಸ್ವಲ್ಪ ಮರಳು, ನೂರಕ್ಕೆ ಐದಾರು ಪಾಲು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಹಾಕಿ ಅದುಮಿದರೆ ಇಟ್ಟಿಗೆ. ಸುಡುವ ಕೆಲಸವಿಲ್ಲ, ಸೌದೆ ಬೇಡ. ಮೂರು ವಾರ ನೀರು ಹಾಕಿ ಹದಮಾಡಿದರೆ ಗೋಡೆಗೆ ಸಿದ್ಧ. ಆ ವಿಜ್ಞಾನಿಗಳು ವಾಸ್ತುಶಿಲ್ಪ ವಿಭಾಗದವರಲ್ಲ, ಹೆಚ್ಚಿನವರು ಸಿವಿಲ್ ಇಂಜಿನಿಯರಿಂಗಿನವರು. ಆದರೂ ಅಡೆಯೆಮಿಯವರ ಪ್ರಶ್ನೆಗೆ ನಮ್ಮ ನೆಲದಲ್ಲಿ ಉತ್ತರ ಕೊಟ್ಟವರಲ್ಲಿ ಅವರು ಮುಖ್ಯರು ಎಂದು ನನ್ನ ಎಣಿಕೆ. ಕಾಡಿನ ಅಂಚಿನಲ್ಲಿರುವ ನಮಗೆ, ಸೌದೆ ಉರಿಸದೆ ಆಗುವ ಇಟ್ಟಿಗೆ ಎಂಥದೆಂದು ಬೇರೆ ಹೇಳಬೇಕೇ.

ಕೋನಿಗ್ಸ್‌ಬರ್ಗರ್ 1999ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು, ತೊಂಬತ್ತು ತುಂಬಿತ್ತು. ಬೆಂಗಳೂರಿಗೆ ಹೋದಾಗ ಸಮಯವಿದ್ದರೆ ಬಸವನಗುಡಿಯ ಆ ಉದ್ಯಾನದ ಮಂಟಪವನ್ನು ನೋಡಿ ಬನ್ನಿ.

ಅದಕ್ಕೆ ಮೊದಲು ಮನೆಯಲ್ಲಿಯೇ ಆಗುವ ಒಂದು ಕೆಲಸವಿದೆ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಹನ್ನೆರಡು ಗೆರೆ ಎಳೆಯಿರಿ. ಈ ತಿಂಗಳಿನಿಂದಲೇ ಬರೆಯತೊಡಗಿ: ಮಧ್ಯಾಹ್ನ ಮೂರಕ್ಕೆ ಮನೆಯ ಒಳಗೆ ಸೆಕೆಯೋ ಹೊರಗೆ ಸೆಕೆಯೋ, ಗಾಳಿ ಯಾವ ಕಡೆಯಿಂದ ಬರುತ್ತದೆ, ಮಳೆಯ ಎರಚಲು ಯಾವ ಗೋಡೆಗೆ ಹೊಡೆಯುತ್ತದೆ, ಸಂಜೆ ಎಷ್ಟು ಹೊತ್ತಿಗೆ ಒಳಗೆ ತಣ್ಣಗಾಗುತ್ತದೆ. ಮಾವನಲ್ಲದವರು, ಬೊಕ್ಕಾಪುರದವರು, ಮೋಯಾರಿನವರು, ಸಿಂಗಾರದವರು ಬೇರೆಬೇರೆಯಾಗಿ ಬರೆಯಿರಿ, ಏಕೆಂದರೆ ಒಬ್ಬರ ಹಾಳೆ ಇನ್ನೊಬ್ಬರದಕ್ಕೆ ಸರಿಹೊಂದಲಾರದು. ಕನ್ನಡದಲ್ಲಿ ಬರೆದರೂ ಆದೀತು, ತಮಿಳಿನಲ್ಲಿ ಬರೆದರೂ ಆದೀತು. ಮುಂದಿನ ಬಾರಿ ಮನೆ ಕಟ್ಟುವ ಮೇಸ್ತ್ರಿ ಬಂದಾಗ, ದುಡ್ಡಿನ ಮಾತು ಶುರುವಾಗುವ ಮೊದಲು ಆ ಹಾಳೆಯನ್ನು ಅವರ ಮುಂದೆ ಇಡಿ.